ಜೀವಕ್ಕೆ ಬೆಲೆ ಕಟ್ಟುವವರಿಗೆ ಪರೀಕ್ಷೆ ಬೇಡವೇ?

ಬಸ್ ಓಡಿಸಬೇಕಾದರೆ ಲೈಸೆನ್ಸ್ ಬೇಕು. ಔಷಧಿ ಅಂಗಡಿ ಇಡಬೇಕಾದರೆ ಫಾರ್ಮಸಿ ಓದಿದವರೊಬ್ಬರು ಇರಲೇಬೇಕು. ಮಂಡಿಪೇಟೆಯಲ್ಲಿ ತಕ್ಕಡಿ ಹಿಡಿದವನೂ ಕಾಲಕಾಲಕ್ಕೆ ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಹಾಕಿಸಬೇಕು. ಆದರೆ ಮನುಷ್ಯನ ಜೀವಕ್ಕೆ, ಅವನ ಕೈಕಾಲಿಗೆ ಬೆಲೆ ಕಟ್ಟಿ, "ಇವರಿಗೆ ವಿಮೆ ಕೊಡಬಹುದು, ಇವರಿಗೆ ಕಂತು ಜಾಸ್ತಿ ಹಾಕಿ, ಇವರು ಬೇಡವೇ ಬೇಡ" ಎಂದು ಬರೆಯುವ ವ್ಯಕ್ತಿ ಏನು ಓದಿದ್ದಾರೆ ಎಂದು ದಾವಣಗೆರೆಯ ಯಾವ ಅಂಗಡಿಯಲ್ಲೂ, ಹರಿಹರದ ಯಾವ ಬಸ್ಸಿನಲ್ಲೂ ಚರ್ಚೆ ನಡೆಯುವುದಿಲ್ಲ.

ಚರ್ಚೆ ನಡೆಯುವುದು ಬೇರೆ ಹೊತ್ತಿನಲ್ಲಿ. ಮನೆಯ ಯಜಮಾನ ತೀರಿಕೊಂಡು, ಹೆಂಡತಿ ಮಕ್ಕಳು ಪಾಲಿಸಿ ಕಾಗದ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿ, "ನಿಮ್ಮೋರಿಗೆ ಸಕ್ಕರೆ ಕಾಯಿಲೆ ಇತ್ತಂತೆ, ಫಾರಂನಲ್ಲಿ ಬರೆದಿಲ್ಲ" ಎಂಬ ಮಾತು ಕೇಳಿ ಬರಿಗೈಲಿ ಇಳಿದ ಮೇಲೆ. ಆಗ ಊರೆಲ್ಲ ವಿಮೆ ಕಂಪನಿಗಳಿಗೆ ಶಾಪ ಹಾಕುತ್ತದೆ. ನಾಲ್ಕು ದಿನ ಮಾತಾಡಿ ಸುಮ್ಮನಾಗುತ್ತದೆ. ಫಾರಂ ತುಂಬಿದ ದಿನ ಆದದ್ದೇನು, ಅದನ್ನು ಓದಿ ಒಪ್ಪಿದವರು ಯಾರು, ಅವರಿಗೆ ಈ ವಿದ್ಯೆ ಎಷ್ಟು ಗೊತ್ತಿತ್ತು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಉದ್ರಿ ಪುಸ್ತಕದ ವಿದ್ಯೆ

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಅಂಡರ್‌ರೈಟಿಂಗ್ ಎನ್ನುತ್ತಾರೆ. ಹೆಸರು ದೊಡ್ಡದಾಗಿ ಕಂಡರೂ ಹುಟ್ಟಿದ್ದು ಕಾಫಿ ಅಂಗಡಿಯಲ್ಲಿ. 17ನೇ ಶತಮಾನದ ಕೊನೆಗೆ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನ ವ್ಯಾಪಾರಿಗಳು ಸೇರುತ್ತಿದ್ದರು. ಹಡಗು ಮುಳುಗಿದರೆ ಇಷ್ಟು ಹಣ ಕೊಡುವವರು ಯಾರು ಎಂದು ಕಾಗದ ಸುತ್ತಾಡುತ್ತಿತ್ತು. ಒಪ್ಪಿದವರು ಆ ಕಾಗದದ ಕೆಳಗೆ ಹೆಸರು ಬರೆಯುತ್ತಿದ್ದರು. ಕೆಳಗೆ ಬರೆದವನೇ ಅಂಡರ್‌ರೈಟರ್. ಅಷ್ಟೇ ಕಥೆ.

ನೋಡಲು ಹೋದರೆ ಚೌಕಿಪೇಟೆಯ ಪ್ರತಿ ಅಂಗಡಿಕಾರರೂ ಒಬ್ಬ ಅಂಡರ್‌ರೈಟರೇ. ಉದ್ರಿ ಕೇಳಿ ಬಂದವರನ್ನು ಅವರು ಹೇಗೆ ಅಳೆಯುತ್ತಾರೆ? ಸಂಬಳ ಬರುತ್ತೋ ಇಲ್ಲವೋ, ಹೋದ ತಿಂಗಳ ಬಾಕಿ ಕೊಟ್ಟಿದ್ದಾರೋ ಇಲ್ಲವೋ, ಇಸ್ಪೀಟು ಕುಡಿತದ ಚಟ ಐತೋ, ಕೇಳಿದ್ದು ಮನೆಗೆ ಬೇಕಾದಷ್ಟೋ ಅಥವಾ ಯೋಗ್ಯತೆ ಮೀರಿದ್ದೋ. ಒಬ್ಬರಿಗೆ ಐನೂರರ ಸಾಮಾನು ಕಟ್ಟಿಕೊಡುತ್ತಾರೆ, ಇನ್ನೊಬ್ಬರಿಗೆ "ನಾಳೆ ಬರ್ರಿ" ಎನ್ನುತ್ತಾರೆ. ಎಲ್ಲರಿಗೂ ಕೊಟ್ಟರೆ ಅಂಗಡಿ ಮುಚ್ಚಬೇಕು, ಯಾರಿಗೂ ಕೊಡದಿದ್ದರೆ ವ್ಯಾಪಾರವೇ ಇಲ್ಲ.

ವಿಮೆಯಲ್ಲೂ ಇದೇ ಲೆಕ್ಕ. ವ್ಯತ್ಯಾಸ ಇಷ್ಟೇ. ಅಂಗಡಿಕಾರರ ಲೆಕ್ಕ ತಪ್ಪಿದರೆ ಅವರ ಗಲ್ಲಾಕ್ಕೆ ನಷ್ಟ. ವಿಮೆ ಆಫೀಸಿನವರ ಲೆಕ್ಕ ತಪ್ಪಿದರೆ ಒಂದೋ ಪ್ರಾಮಾಣಿಕವಾಗಿ ಕಂತು ಕಟ್ಟುವ ಉಳಿದ ಸಾವಿರಾರು ಜನರ ಹಣ ಪೋಲು, ಇಲ್ಲವೇ ಒಂದು ಸಂಸಾರ ಬೀದಿಪಾಲು. ಅದಕ್ಕೇ ಈ ಕೆಲಸ ಅಂದಾಜಿನ ಮೇಲೆ ನಡೆಯಬಾರದು.

ಅಂದಾಜಿನ ಮೇಲೆ ನಡೆದಾಗ ಏನಾಗುತ್ತಿತ್ತು ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1818ರಲ್ಲಿ ಕಲ್ಕತ್ತೆಯಲ್ಲಿ ಓರಿಯೆಂಟಲ್ ಲೈಫ್ ಇನ್ಶುರೆನ್ಸ್ ಕಂಪನಿ ಶುರುವಾಯಿತು. ಆ ಕಾಲದ ಪರದೇಶಿ ಕಂಪನಿಗಳು ಇಲ್ಲಿನ ಜನರ ಜೀವಕ್ಕೆ ವಿಮೆ ಕೊಡುವುದೇ ಕಡಿಮೆ, ಕೊಟ್ಟರೂ ಹೆಚ್ಚುವರಿ ಕಂತು. ಭಾರತೀಯ ಎಂದರೆ ಬೇಗ ಸಾಯುವವನು ಎಂಬ ಒಂದೇ ಅಳತೆ. 1870ರಲ್ಲಿ ಬಾಂಬೆ ಮ್ಯೂಚುಯಲ್ ಸಂಸ್ಥೆ ಬಂದ ಮೇಲೇ ನಮ್ಮ ಜನಕ್ಕೆ ಮಾಮೂಲು ದರದಲ್ಲಿ ವಿಮೆ ಸಿಕ್ಕಿದ್ದು. ಮೈಸೂರು ಸಂಸ್ಥಾನವಂತೂ 1891ರಲ್ಲೇ ತನ್ನ ನೌಕರರಿಗೆ ಸರ್ಕಾರಿ ವಿಮೆ ತಂದಿತು. ಈಗಿನ ಕೆ.ಜಿ.ಐ.ಡಿ. ಅದರದೇ ಮುಂದುವರಿಕೆ.

ಅಂದಾಜು ಹೋಗಿ ಅಂಕಿ ಬಂದದ್ದು 1919ರ ಸುಮಾರಿಗೆ. ಅಮೆರಿಕದ ನ್ಯೂಯಾರ್ಕ್ ಲೈಫ್ ಕಂಪನಿಯ ಆಸ್ಕರ್ ರೋಜರ್ಸ್ ಎಂಬ ಡಾಕ್ಟರೂ ಆರ್ಥರ್ ಹಂಟರ್ ಎಂಬ ಲೆಕ್ಕಿಗರೂ ಸೇರಿ ಒಂದು ಪದ್ಧತಿಯನ್ನು ಲೋಕದ ಮುಂದಿಟ್ಟರು. ಸಾಧಾರಣ ಮನುಷ್ಯನ ಅಪಾಯಕ್ಕೆ 100 ಎಂದು ಅಂಕ. ಬಿ.ಪಿ. ಇದ್ದರೆ ಇಷ್ಟು ಕೂಡಿಸು, ಮೈತೂಕ ಹೆಚ್ಚಿದ್ದರೆ ಇಷ್ಟು ಕೂಡಿಸು, ತಂದೆತಾಯಿ ದೀರ್ಘಕಾಲ ಬಾಳಿದ್ದರೆ ಇಷ್ಟು ಕಳೆ. ಕೊನೆಗೆ 150 ಬಂತೆಂದರೆ ಸಾಧಾರಣದ ಒಂದೂವರೆ ಪಟ್ಟು ಅಪಾಯ ಎಂದರ್ಥ. ಅದಕ್ಕೆ ತಕ್ಕ ಕಂತು. ವಿಮಾ ಕಚೇರಿಗಳಲ್ಲಿ ಇಂದಿಗೂ ಲೆಕ್ಕದ ತಳಪಾಯ ಇದೇ.

ಸಾವು ಬೇರೆ, ಅಂಗ ಊನ ಬೇರೆ

ಇಲ್ಲಿ ಜನಕ್ಕೆ ಗೊತ್ತಾಗಬೇಕಾದ ಒಂದು ಸೂಕ್ಷ್ಮ ಇದೆ. ಜೀವ ವಿಮೆಯ ಲೆಕ್ಕವೇ ಒಂದು, ಅಂಗವೈಕಲ್ಯ ವಿಮೆಯ ಲೆಕ್ಕವೇ ಇನ್ನೊಂದು.

ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲರೊಬ್ಬರಿಗೆ ಬೆನ್ನುನೋವು ಇದೆ ಎಂದಿಟ್ಟುಕೊಳ್ಳಿ. ಬೆನ್ನುನೋವಿನಿಂದ ಯಾರೂ ಸಾಯುವುದಿಲ್ಲ. ಜೀವ ವಿಮೆಯ ಮಟ್ಟಿಗೆ ಅವರು ಸಾಧಾರಣ ಮನುಷ್ಯರೇ. ಆದರೆ ಆ ಬೆನ್ನು ಪೂರ್ತಿ ಕೈಕೊಟ್ಟರೆ ನಾಳೆಯಿಂದಲೇ ಸಂಪಾದನೆ ಬಂದ್. ಅದೇ ಬೆನ್ನುನೋವು ಗಲ್ಲಾದ ಮೇಲೆ ಕೂರುವ ಸಾಹುಕಾರರಿಗೆ ಇದ್ದರೆ, ಎರಡು ದಿಂಬು ಇಟ್ಟುಕೊಂಡು ವ್ಯಾಪಾರ ಮಾಡುತ್ತಾರೆ. ಕಾಯಿಲೆ ಒಂದೇ, ಕಸುಬು ಬೇರೆ, ಅಪಾಯವೂ ಬೇರೆ.

ಇನ್ನೊಂದು ಕಡೆಯಿಂದ ನೋಡಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಒಂದು ಕಾಲು ಸೊರಗಿದ ತರುಣರೊಬ್ಬರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ವಿದ್ಯೆ ಕಲಿಯದವರು ಅವರ ಅರ್ಜಿ ನೋಡಿದ ಕೂಡಲೇ "ಅಂಗವಿಕಲರು, ಬೇಡ" ಎಂದು ಗೀಟು ಎಳೆಯಬಹುದು. ಕಲಿತವರು ಹಾಗೆ ಮಾಡುವುದಿಲ್ಲ. ಒಂದು ಕಾಲು ಸೊರಗಿದೆ ಎಂದ ಮಾತ್ರಕ್ಕೆ ಹೃದಯ, ಮೂತ್ರಪಿಂಡ, ಪುಪ್ಪುಸ ಕೆಟ್ಟಿರಬೇಕಿಲ್ಲ. ಅವು ಚೆನ್ನಾಗಿದ್ದರೆ ಜೀವ ವಿಮೆ ಕೊಡಲು ಅಡ್ಡಿ ಏನು, ಅಪಘಾತದ ಹೆಚ್ಚುವರಿ ಸೌಲಭ್ಯದ ಮಾತು ಬಂದಾಗ ಬೇರೆಯಾಗಿ ಯೋಚಿಸೋಣ ಎನ್ನುತ್ತಾರೆ. ಗೀಟು ಎಳೆಯುವುದಕ್ಕೂ ಬಿಡಿಸಿ ನೋಡುವುದಕ್ಕೂ ನಡುವೆ ಇರುವುದೇ ಓದು.

ಪಾಲಿಸಿಯ ಷರತ್ತುಗಳೂ ಅಷ್ಟೇ. ಸಾವಿಗೆ ಒಂದೇ ಅರ್ಥ. ಅಂಗವೈಕಲ್ಯಕ್ಕೆ ಕಾಗದದ ಮೇಲೆ ಬರೆದದ್ದೇ ಅರ್ಥ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿದುಕೊಳ್ಳುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಬಹಳ ಮಂದಿಗೆ ಗೊತ್ತು. 18ರಿಂದ 70 ವಯಸ್ಸಿನವರಿಗೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಎರಡೂ ಕಣ್ಣು, ಅಥವಾ ಎರಡೂ ಕೈ, ಎರಡೂ ಕಾಲು, ಅಥವಾ ಒಂದು ಕಣ್ಣಿನ ಜೊತೆ ಒಂದು ಕೈಯೋ ಕಾಲೋ ಶಾಶ್ವತವಾಗಿ ಹೋದರೂ 2 ಲಕ್ಷ. ಒಂದೇ ಕಣ್ಣು ಅಥವಾ ಒಂದೇ ಕೈ, ಒಂದೇ ಕಾಲು ಹೋದರೆ 1 ಲಕ್ಷ. ಆದರೆ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಕಳೆದುಕೊಂಡ ಟೈಲರಿಗೆ? ಆ ಪಟ್ಟಿಯಲ್ಲಿ ಬೆರಳಿನ ಹೆಸರೇ ಇಲ್ಲ. ಟೈಲರಿಗೆ ಬೆರಳೇ ಬದುಕು, ಕಾಗದಕ್ಕೆ ಅದು ಗೊತ್ತಿಲ್ಲ.

ಜೀವ ವಿಮೆಯ ಜೊತೆ ಕೊಡುವ ಅಪಘಾತ-ಅಂಗವೈಕಲ್ಯ ರೈಡರುಗಳಲ್ಲೂ ಪೂರ್ತಿ ಮತ್ತು ಶಾಶ್ವತ ಎಂಬ ಎರಡು ಪದಗಳು ಕಾವಲು ನಿಂತಿರುತ್ತವೆ. ಎಲ್.ಐ.ಸಿ.ಯ ಇಂಥ ರೈಡರಿನಲ್ಲಿ ಅಂಗವೈಕಲ್ಯದ ಹಣ ಒಟ್ಟಿಗೆ ಕೈಗೆ ಬರುವುದಿಲ್ಲ, 10 ವರ್ಷಗಳ ಕಾಲ ತಿಂಗಳ ಕಂತಾಗಿ ಬರುತ್ತದೆ. ಪಾಲಿಸಿ ಕೊಳ್ಳುವಾಗ ಇದನ್ನು ಬಿಡಿಸಿ ಹೇಳುವವರು ಎಷ್ಟು ಜನ?

ಸುರಕ್ಷಾ ಯೋಜನೆಯ ಜೋಡಿಯಾದ ಜೀವನ ಜ್ಯೋತಿ ಯೋಜನೆಗೆ ಡಾಕ್ಟರ ಪರೀಕ್ಷೆ ಇಲ್ಲ, ಅಂಡರ್‌ರೈಟರೂ ಇಲ್ಲ. 18ರಿಂದ 50 ವಯಸ್ಸಿನೊಳಗೆ ಯಾರು ಬೇಕಾದರೂ ಸೇರಬಹುದು. 2022ರ ಜೂನ್‌ನಿಂದ ವರ್ಷಕ್ಕೆ 436 ರೂಪಾಯಿ. ಆದರೆ ಮೊತ್ತ 2 ಲಕ್ಷಕ್ಕೇ ನಿಂತಿದೆ, ಸೇರಿದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಹಣವಿಲ್ಲ. ಅಳೆದು ನೋಡುವವರು ಇಲ್ಲದ ಕಡೆ ಹೀಗೆ ಮಿತಿ ಹಾಕಲೇಬೇಕು. ಇಪ್ಪತ್ತು ಲಕ್ಷ, ಐವತ್ತು ಲಕ್ಷದ ವಿಮೆ ಬೇಕೆಂದರೆ ಅಳೆಯುವವರು ಬೇಕೇ ಬೇಕು. ಅಳೆಯುವವರು ಬೇಕೆಂದ ಮೇಲೆ ಅಳೆಯಲು ಬರಬೇಕು.

ಪರೀಕ್ಷೆ ಇದೆ, ಬರೆಯುವವರು ಎಲ್ಲಿ?

ಅಳೆಯಲು ಕಲಿಸುವ ಸಂಸ್ಥೆ ಈ ದೇಶದಲ್ಲಿ ಇಲ್ಲವೇ? ಇದೆ. 1955ರಲ್ಲಿ ಹುಟ್ಟಿದ ಇನ್ಶುರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಮುಂಬಯಿಯಲ್ಲಿದೆ. ಜೀವ ವಿಮೆ ರಾಷ್ಟ್ರೀಕರಣ ಆಗುವುದಕ್ಕೆ ಒಂದು ವರ್ಷ ಮುಂಚಿನದು. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಒಂದುಗೂಡಿಸಿ ಎಲ್.ಐ.ಸಿ. ಕಟ್ಟಿದ್ದು, 2000ದಿಂದ ಖಾಸಗಿ ಕಂಪನಿಗಳು ಮತ್ತೆ ಬಂದದ್ದು, ಎಲ್ಲವನ್ನೂ ಆ ಸಂಸ್ಥೆ ಕಂಡಿದೆ. ಅದರ ಪರೀಕ್ಷೆಗಳಿಗೆ ಮೂರು ಮೆಟ್ಟಿಲು: ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋ. ನಡುವೆ ಜೀವ ವಿಮೆಯ ಅಂಡರ್‌ರೈಟಿಂಗ್‌ಗೆಂದೇ ಬೇರೆ ಪತ್ರಿಕೆ ಇದೆ.

ಆ ವಿಷಯದಲ್ಲಿ ಕಲಿಯುವುದೇನು? ಹೃದಯ, ಶ್ವಾಸಕೋಶ, ಮೂತ್ರಪಿಂಡ ಕೆಲಸ ಮಾಡುವ ಬಗೆ. ಬಿ.ಪಿ., ಸಕ್ಕರೆ ಕಾಯಿಲೆ ಆಯುಸ್ಸನ್ನು ಎಷ್ಟು ತಿನ್ನುತ್ತವೆ ಎಂಬ ಅಂದಾಜು. ಕಸುಬಿನ ಅಪಾಯ. ಆದಾಯಕ್ಕೂ ಕೇಳಿದ ಮೊತ್ತಕ್ಕೂ ತಾಳೆ ಇದೆಯೇ ಎಂಬ ಲೆಕ್ಕ. ತಿಂಗಳಿಗೆ ಹತ್ತು ಸಾವಿರ ದುಡಿಯುವವರ ಹೆಸರಿನಲ್ಲಿ ಯಾರೋ ದೂರದ ನೆಂಟರು ಕೋಟಿ ರೂಪಾಯಿ ವಿಮೆ ಮಾಡಿಸಲು ಹೊರಟರೆ ಅದರಲ್ಲಿ ಏನೋ ಹುನ್ನಾರ ಐತಿ ಎಂದು ಮೂಗಿಗೆ ವಾಸನೆ ಹೊಡೆಯಬೇಕು. ಡಾಕ್ಟರಿಕೆ ಸ್ವಲ್ಪ, ವಕೀಲಿಕೆ ಸ್ವಲ್ಪ, ಲೆಕ್ಕಪತ್ರ ಸ್ವಲ್ಪ, ಲೋಕಜ್ಞಾನ ಬಹಳ. ಅಮೆರಿಕದಲ್ಲೂ ಇದೇ ಕಸುಬಿನವರಿಗಾಗಿ ಅಕಾಡೆಮಿ ಆಫ್ ಲೈಫ್ ಅಂಡರ್‌ರೈಟಿಂಗ್ ಎಂಬ ಸಂಸ್ಥೆ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ ನಡೆಸಿ ಫೆಲೋ ಪದವಿ ಕೊಡುತ್ತದೆ. ಅಂದರೆ ಇದು ಕಲಿತು ಬರುವ ಕಸುಬು ಎಂದು ಲೋಕವೆಲ್ಲ ಒಪ್ಪಿದೆ.

ಇದರ ಮುಂದೆ ಏಜೆಂಟರ ಪರೀಕ್ಷೆಯನ್ನು ಇಟ್ಟು ನೋಡಿ. ಹತ್ತನೇ ತರಗತಿ ಪಾಸಾಗಿ, ಕೆಲವು ಗಂಟೆಗಳ ತರಬೇತಿ ಮುಗಿಸಿ, ಐಸಿ 38 ಎಂಬ ಪುಸ್ತಕ ಓದಿ, 50 ಪ್ರಶ್ನೆಗಳಿಗೆ ಗುರುತು ಹಾಕಿ, ನೂರಕ್ಕೆ 35ರಷ್ಟು ತೆಗೆದರೆ ಏಜೆಂಟರು. ಆ ಪುಸ್ತಕ ಕನ್ನಡದಲ್ಲೂ ಇದೆ. ಒಳ್ಳೆಯದೇ. ಹಳ್ಳಿಯ ಹುಡುಗರು, ಗೃಹಿಣಿಯರು ಈ ಬಾಗಿಲಿನಿಂದ ಒಳಗೆ ಬಂದು ಸಂಸಾರ ಸಾಗಿಸುತ್ತಿದ್ದಾರೆ. ಅದನ್ನು ಬಿಗಿ ಮಾಡಿ ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಬಾಗಿಲಿನ ಒಳಗೆ ಬಂದವರು ಅಲ್ಲೇ ಚಾಪೆ ಹಾಸಿ ಕೂತುಬಿಟ್ಟರೆ ಹೇಗೆ?

ವಿಮೆಯವರೇ ಒಪ್ಪುವ ಮಾತೊಂದಿದೆ: ಏಜೆಂಟರೇ ಮೊದಲ ಅಂಡರ್‌ರೈಟರ್. ಅರ್ಜಿದಾರರನ್ನು ಕಣ್ಣಾರೆ ನೋಡುವವರು ಅವರೊಬ್ಬರೇ. ದೊಡ್ಡ ಆಫೀಸಿನಲ್ಲಿ ಕೂತವರು ನೋಡುವುದು ಬರೀ ಕಾಗದ. ಮೊದಲನೆಯವರೇ ತಪ್ಪು ಬರೆದರೆ ಮೇಲಿನವರು ಎಷ್ಟೇ ಓದಿದ್ದರೂ ಏನು ಮಾಡಿಯಾರು?

"ಇಲ್ಲ, ಇಲ್ಲ, ಇಲ್ಲ"

ಊರಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ವ್ಯಾಪಾರದ ಗಡಿಬಿಡಿ. ಏಜೆಂಟರು ಫಾರಂ ತೆಗೆಯುತ್ತಾರೆ. "ಸಾವ್ಕಾರ್ರೇ, ಇಲ್ಲೊಂದು, ಇಲ್ಲೊಂದು ಸೈನ್ ಮಾಡ್ರಿ, ಉಳಿದದ್ದು ನಾ ತುಂಬ್ತೀನಿ." ಸಾಹುಕಾರರು ಒಂದು ಕೈಲಿ ಚಿಲ್ಲರೆ ಎಣಿಸುತ್ತಾ ಇನ್ನೊಂದು ಕೈಲಿ ಸಹಿ ಮಾಡುತ್ತಾರೆ. ಬಿ.ಪಿ. ಇದೆಯೇ? ಇಲ್ಲ. ಸಕ್ಕರೆ? ಇಲ್ಲ. ಗುಟ್ಕಾ, ಬೀಡಿ? ಇಲ್ಲ. ಆಸ್ಪತ್ರೆಗೆ ಸೇರಿದ್ದುಂಟೇ? ಇಲ್ಲ. ಮೇಲಿಂದ ಕೆಳಗೆ ಒಂದೇ ಉಸಿರಿನಲ್ಲಿ "ಇಲ್ಲ". ಒಂದು ಮಾತು ಸುಳ್ಳು ಹೇಳಿಲ್ಲ ಪಾಪ ಸಾಹುಕಾರರು. ಅವರನ್ನು ಕೇಳಿದವರೇ ಇಲ್ಲ. ಆದರೆ ಸಹಿ ಅವರದು.

ಇದರಲ್ಲಿ ಏಜೆಂಟರಿಗೆಲ್ಲ ದುರುದ್ದೇಶ ಇದೆ ಎನ್ನುವುದು ಅನ್ಯಾಯ. ಬಹಳ ಮಂದಿಗೆ ಒಂದು ತಪ್ಪು ಕಲ್ಪನೆ ಇದೆ. ಸಕ್ಕರೆ ಕಾಯಿಲೆ ಎಂದು ಬರೆದರೆ ಅರ್ಜಿ ತಿರಸ್ಕಾರ ಆಗಿಬಿಡುತ್ತದೆ ಎಂಬ ಭಯ. ಅಂಡರ್‌ರೈಟಿಂಗ್ ಓದಿದ್ದರೆ ಈ ಭಯ ಇರುತ್ತಿರಲಿಲ್ಲ. ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಗೆ ಎಷ್ಟೋ ಸಲ ಉತ್ತರ "ಬೇಡ" ಎಂದಲ್ಲ, "ಸ್ವಲ್ಪ ಹೆಚ್ಚು ಕಂತು" ಎಂದು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ ಈಗ ನಮ್ಮೂರ ಲ್ಯಾಬುಗಳಲ್ಲೇ ಆಗುತ್ತದೆ. ವರ್ಷಕ್ಕೆ ನಾಲ್ಕು ಕಾಸು ಹೆಚ್ಚು ಕಟ್ಟಿ ನಿಜವಾದ ಪಾಲಿಸಿ ಇಟ್ಟುಕೊಳ್ಳುವುದು ಮೇಲೋ, ಅಗ್ಗದಲ್ಲಿ ಒಂದು ಸುಳ್ಳು ಕಾಗದ ಇಟ್ಟುಕೊಳ್ಳುವುದು ಮೇಲೋ? ಲಾಭ ನಷ್ಟ ತಿಳಿದ ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಿದರೆ ಅರ್ಥವಾಗದೇ? ಹೇಳುವವರಿಗೆ ಮೊದಲು ಗೊತ್ತಿರಬೇಕು, ಅಷ್ಟೇ.

ಕಾನೂನು ಜನರ ಪರವಾಗಿ ಒಂದು ಬೇಲಿ ಹಾಕಿದೆ. 1938ರ ವಿಮಾ ಕಾಯ್ದೆಯ 45ನೇ ಕಲಮಿಗೆ 2015ರಲ್ಲಿ ತಿದ್ದುಪಡಿ ಬಂತು. ಪಾಲಿಸಿಗೆ 3 ವರ್ಷ ತುಂಬಿದ ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಆ 3 ವರ್ಷದ ಒಳಗೆ ಸಾವು ಬಂದರೆ ಹಳೆಯ ಆಸ್ಪತ್ರೆ ಚೀಟಿಗಳೆಲ್ಲ ಮೇಜಿನ ಮೇಲೆ ಬರುತ್ತವೆ. ಸಾವಿಗೆ ಪಂಚಾಂಗ ಗೊತ್ತಿಲ್ಲ, ಮೂರು ವರ್ಷ ಕಾಯಿ ಎಂದರೆ ಕಾಯುವುದಿಲ್ಲ.

ಎರಡು ಆಕ್ಷೇಪ

"ಇಪ್ಪತ್ತೈದು ವರ್ಷ ಸರ್ವೀಸ್ ಆದವರಿಗೆ ಪರೀಕ್ಷೆ ಯಾಕ್ರಿ? ಮುಖ ನೋಡಿದರೆ ಗೊತ್ತಾಗುತ್ತೆ" ಎನ್ನುವವರಿದ್ದಾರೆ. ಅನುಭವಕ್ಕೆ ಬೆಲೆ ಇದೆ, ಇಲ್ಲ ಎಂದವರಾರು? ಆದರೆ ಮುಖದಲ್ಲಿ ಬಿ.ಪಿ. ಕಾಣುವುದಿಲ್ಲ. ಮುಖ ನೋಡಿ ಅಳೆಯುವುದೇ ಸರಿ ಎಂದಿದ್ದರೆ ಹಿಂದಿನ ಪರದೇಶಿ ಕಂಪನಿಗಳು ನಮ್ಮ ಜನರ ಮುಖ ನೋಡಿ ಹೆಚ್ಚು ಕಂತು ಹಾಕಿದ್ದೂ ಸರಿ ಎನ್ನಬೇಕಾಗುತ್ತದೆ.

"ಈಗೆಲ್ಲ ಕಂಪ್ಯೂಟರೇ ಮಾಡುತ್ತೆ" ಎನ್ನುವುದು ಎರಡನೆಯ ಮಾತು. ನಿಜ, ಎಷ್ಟೋ ಅರ್ಜಿಗಳನ್ನು ಇವತ್ತು ಯಂತ್ರವೇ ಕ್ಷಣದಲ್ಲಿ ಪಾಸು ಮಾಡುತ್ತದೆ. ಆದರೆ ಯಂತ್ರಕ್ಕೆ ನಿಯಮ ಹಾಕಿಕೊಟ್ಟವರು ಮನುಷ್ಯರೇ. ಸಿಕ್ಕಾದ ಅರ್ಜಿ ಕೊನೆಗೆ ಬರುವುದೂ ಮನುಷ್ಯರ ಮೇಜಿಗೇ. ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಬಿಸಿ, ಹೊಗೆ, ಧೂಳಿನ ನಡುವೆ ದುಡಿಯುವವರ ಕಸುಬಿನ ಅಂಕಣದಲ್ಲಿ "ಕೂಲಿ" ಎಂದಷ್ಟೇ ಬರೆದು ಕಳಿಸಿದರೆ ಯಂತ್ರಕ್ಕೆ ಹೊಗೆ ಕಾಣುತ್ತದೆಯೇ? ಅದನ್ನು ಕಾಣಿಸಬೇಕಾದವರು ಇಲ್ಲಿನವರು, ಈ ಊರಿನ ಕಸುಬು ಬಲ್ಲವರು.

ಆಗಬೇಕಾದದ್ದು

ಮೊದಲನೆಯದು, ವಿಮಾ ಕಂಪನಿಗಳ ಜಿಲ್ಲಾ ಕಚೇರಿಗಳು ವರ್ಷದ ಕೊನೆಗೆ ಗುರಿ ಮುಟ್ಟಿದ ಏಜೆಂಟರಿಗೆ ಶಾಲು ಹೊದಿಸುತ್ತವೆ, ಪ್ರವಾಸಕ್ಕೆ ಕಳಿಸುತ್ತವೆ. ಹಾಗೆಯೇ ಲೈಸೆನ್ಷಿಯೇಟ್ ಪಾಸು ಮಾಡಿದವರಿಗೂ ಒಂದು ಶಾಲು ಇರಲಿ, ಪರೀಕ್ಷೆ ಶುಲ್ಕ ವಾಪಸು ಕೊಡಲಿ. ಎಷ್ಟು ಪಾಲಿಸಿ ಮಾರಿದರು ಎಂಬುದರ ಜೊತೆ ಎಷ್ಟು ಕ್ಲೇಮು ತಕರಾರಿಲ್ಲದೆ ಪಾಸಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಲಿ.

ಎರಡನೆಯದು, ಏಜೆಂಟರ ಪುಸ್ತಕ ಕನ್ನಡಕ್ಕೆ ಬಂದಂತೆ ಅಂಡರ್‌ರೈಟಿಂಗ್ ವಿದ್ಯೆಯೂ ಸರಳ ಕನ್ನಡದಲ್ಲಿ ಸಿಗಬೇಕು. ಜಿಲ್ಲೆಯಲ್ಲಿ ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರು ಬ್ಯಾಂಕ್ ಪರೀಕ್ಷೆಗೆಂದು ಕೋಚಿಂಗಿಗೆ ದುಡ್ಡು ಸುರಿಯುತ್ತಿದ್ದಾರೆ. ಇಂಥದೊಂದು ಕಸುಬು ಇದೆ, ಅದಕ್ಕೊಂದು ಪರೀಕ್ಷೆ ಇದೆ ಎಂದು ಕಾಲೇಜುಗಳು ಒಂದು ಮಾತು ಹೇಳಿದರೆ ನಷ್ಟವೇನು?

ಮೂರನೆಯದು, ಅರ್ಜಿ ತಿರಸ್ಕರಿಸಿದಾಗ ಅಥವಾ ಕಂತು ಹೆಚ್ಚಿಸಿದಾಗ ಕಾರಣವನ್ನು ಕನ್ನಡದಲ್ಲಿ, ಅರ್ಥವಾಗುವಂತೆ ಬರೆದು ಕೊಡಬೇಕು. ಕಾರಣ ಬರೆಯಬೇಕಾದಾಗಲೇ ಬರೆಯುವವರ ಓದು ಗೊತ್ತಾಗುವುದು.

ಇನ್ನು ಜನ ಮಾಡಬೇಕಾದದ್ದೂ ಇದೆ. ಫಾರಂ ಅಂಗಡಿಯ ಗಡಿಬಿಡಿಯಲ್ಲಿ ಬೇಡ, ಮನೆಯಲ್ಲಿ ಕೂತು ತುಂಬಿ. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. ಫಾರಂ ಇಂಗ್ಲಿಷಿನಲ್ಲಿದ್ದರೆ "ನನಗೆ ಓದಿ ವಿವರಿಸಲಾಗಿದೆ" ಎಂಬ ಹೇಳಿಕೆಗೂ ಸಹಿ ಕೇಳುತ್ತಾರೆ. ಓದಿ ವಿವರಿಸಿದ ಮೇಲೇ ಅದಕ್ಕೆ ಸಹಿ. ಪಾಲಿಸಿ ಬಂದಾಗ ಅರ್ಜಿಯ ನಕಲು ಜೊತೆಗಿದೆಯೇ ನೋಡಿ. ತಪ್ಪು ಕಂಡರೆ ತಕ್ಷಣ ಲಿಖಿತವಾಗಿ ತಿದ್ದಿಸಿ. ಪಾಲಿಸಿ ಹಿಡಿಸದಿದ್ದರೆ ಕೈಗೆ ಬಂದ 30 ದಿನದೊಳಗೆ ವಾಪಸು ಮಾಡುವ ಹಕ್ಕು 2024ರ ನಿಯಮಗಳಲ್ಲಿದೆ.

ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. 50 ಲಕ್ಷದವರೆಗಿನ ತಕರಾರು ಅಲ್ಲಿಗೆ ಒಯ್ಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಮನೆ ಬಾಗಿಲಿಗೆ ಬರುವ ಏಜೆಂಟರನ್ನು ಓಡಿಸಬೇಕಾಗಿಲ್ಲ. ಕುರ್ಚಿ ಕೊಡಿ, ಚಾ ಕೊಡಿ. ಆಮೇಲೆ ಎರಡೇ ಪ್ರಶ್ನೆ ಕೇಳಿ: "ನನ್ನ ಕಸುಬಿಗೆ ಕೈ ಹೋದರೆ ಈ ಪಾಲಿಸಿ ಏನು ಕೊಡುತ್ತೆ? ನನ್ನ ಬಿ.ಪಿ. ಬರೆದರೆ ಕಂತು ಎಷ್ಟಾಗುತ್ತೆ?" ಉತ್ತರ ಬಂದರೆ ಅವರ ಹತ್ತಿರವೇ ಪಾಲಿಸಿ ಮಾಡಿಸಿ. ಬರದಿದ್ದರೆ, "ಕಲಿತು ಬನ್ನಿ, ಕಾಯ್ತೀವಿ" ಎಂದು ಮರ್ಯಾದೆಯಿಂದಲೇ ಹೇಳಿ ಕಳಿಸಿ. ಹತ್ತು ಅಂಗಡಿಯಲ್ಲಿ ಈ ಮಾತು ಕೇಳಿಬಂದರೆ ಹನ್ನೊಂದನೆಯ ಅಂಗಡಿಗೆ ಬರುವಷ್ಟರಲ್ಲಿ ಅವರ ಚೀಲದಲ್ಲಿ ಪುಸ್ತಕ ಇರುತ್ತದೆ.